ಹಿಟ್ಟಿನ ಮೇಲಿನ ಗೆರೆ

ಮೀನು ಕರಿಯಲು ಹಿಟ್ಟು ಕಲಸುವುದು ಬ್ರಹ್ಮವಿದ್ಯೆಯೇನಲ್ಲ. ಕಡಲೆಹಿಟ್ಟು, ಅದರ ಕಾಲುಭಾಗ ಅಕ್ಕಿಹಿಟ್ಟು, ಖಾರದಪುಡಿ, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಚಿಟಿಕೆ ಸೋಡಾ. ನೀರನ್ನು ಮಾತ್ರ ಜಿಪುಣರ ಹಾಗೆ ಹಾಕಬೇಕು. ಬೆರಳು ಅದ್ದಿ ಎತ್ತಿದರೆ ಉಗುರಿನ ಬಣ್ಣ ಕಾಣಬಾರದು. ಬೆರಳಿನಿಂದ ಒಂದು ಗೆರೆ ಎಳೆದರೆ ಅದು ನಿಧಾನವಾಗಿ ಮುಚ್ಚಿಕೊಳ್ಳಬೇಕು. ಎಳೆಯುತ್ತಲೇ ಮಾಯವಾದರೆ ನೀರು ಹೆಚ್ಚಾಯಿತು, ಮುಚ್ಚಿಕೊಳ್ಳದೆ ನಿಂತರೆ ಕಡಿಮೆಯಾಯಿತು. ನಾಗರತ್ನ ಇಷ್ಟನ್ನು ಲಂಗ ತೊಡುವ ವಯಸ್ಸಿನಲ್ಲೇ ಕಲಿತಿದ್ದಳು. ಆದ್ದರಿಂದ ಅಂದು ತಾನೇ ಹದವಾಗಿ ಕಲಸಿಟ್ಟು ಹೋದ ಹಿಟ್ಟಿನ ಮೇಲೆ ಯಾರೋ ಎಳೆದ ಗೆರೆಯೊಂದು ಮುಚ್ಚಿಕೊಳ್ಳದೆ ನಿಂತದ್ದನ್ನು ಕಂಡಾಗ ಅವಳಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಹೆದರಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಹಿಟ್ಟಿನ ವಿದ್ಯೆ ಅವಳಿಗೆ ಬಂದದ್ದು ತವರಿನಿಂದ. ಅವಳ ಅಪ್ಪನದು ನಂಜನಗೂಡಿನಲ್ಲಿ ದೇವಸ್ಥಾನದ ಮಗ್ಗುಲಿಗೆ ಬಜ್ಜಿ ಬೋಂಡದ ಅಂಗಡಿ. ಮೀನು ಮಾಂಸ ತಿನ್ನುವ ಜನವೇ ಆದರೂ ಗಿರಾಕಿಗಳೆಲ್ಲ ನಂಜುಂಡೇಶ್ವರನ ಭಕ್ತರು. ಅಂಗಡಿಯವನ ಮನೆಯಿಂದ ಮೀನಿನ ವಾಸನೆ ಬಂತೋ, ಮಾರನೆಯ ದಿನ ಬಜ್ಜಿಯ ಎಣ್ಣೆಯ ಮೇಲೂ ಅನುಮಾನ ಶುರು. ಹಾಗಾಗಿ ಅಪ್ಪ ಮನೆಯ ಒಲೆಯ ಹತ್ತಿರಕ್ಕೂ ಮೀನನ್ನು ಬಿಟ್ಟುಕೊಳ್ಳಲಿಲ್ಲ. ನಾಗರತ್ನ ಮೀನು ಕಂಡದ್ದು ಕಪಿಲೆಯ ಸ್ನಾನಘಟ್ಟದಲ್ಲಿ, ಭಕ್ತರು ಎಸೆದ ಪುರಿಗೆ ಬಾಯಿ ತೆರೆದುಕೊಂಡು ಬರುತ್ತಿದ್ದ ಮೀನುಗಳನ್ನು ಮಾತ್ರ. ಅವನ್ನು ಹಿಡಿದು ತಿನ್ನುತ್ತಾರೆ ಎಂಬುದೇ ಅವಳಿಗೆ ಪೂರ್ತಿ ನಂಬಿಕೆಯಾಗಿರಲಿಲ್ಲ.

ಮದುವೆಯಾಗಿ ಬಂದದ್ದು ತಿ. ನರಸೀಪುರದ ಕಡೆಯ ಹೊಳೆದಂಡೆಯ ಊರಿಗೆ. ಗಂಡ ನಿಂಗರಾಜುವಿಗೆ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ. ಮಾವ ನಾಗಯ್ಯ ಆ ಹೊತ್ತಿಗಾಗಲೇ ತೀರಿಕೊಂಡು ಗೋಡೆಯ ಮೇಲೆ ಪಟವಾಗಿದ್ದ. ಮನೆಯಲ್ಲಿ ಉಳಿದವಳು ಅತ್ತೆ ಚಾಮುಂಡಮ್ಮ. ಸೊಸೆ ಕಾಲಿಟ್ಟ ವಾರದಲ್ಲೇ ಮನೆಯಲ್ಲಿ ಮೀನಿನ ಸಾರು ಕುದಿಯಿತು, ಸೊಸೆ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ನೋಡಿದ ಪಕ್ಕದ ಮನೆಯವಳು ಬೀದಿಗೆಲ್ಲ ಸಿಹಿಸುದ್ದಿ ಹಂಚಿದಳು.

"ಬಂದು ಒಂದ್ವಾರ ಆಗಿಲ್ಲ, ಆಗ್ಲೇ ಎಷ್ಟು ತಿಂಗ್ಳು ಅಂತ ಕೇಳ್ತಾವ್ರೆ" ಎಂದು ಅತ್ತೆ ತಲೆ ಚಚ್ಚಿಕೊಂಡಳು. "ಮೀನಿನ ವಾಸ್ನೆಗೆ ಕಣ್ರವ್ವಾ ಅಂತ ಮನೆಮನೆಗೂ ಓಗಿ ಏಳಕ್ಕಾದದಾ ನಾನು?"

ದಾರಿ ಹುಡುಕಿದವನು ನಿಂಗರಾಜು. "ನಿಮ್ಮಪ್ಪ ಬಜ್ಜಿಗೆ ಕಲಸ್ತಾರಲ್ಲ ಇಟ್ಟು, ಅಂಗೇ ಕಲಸಿ ಅದ್ರಲ್ಲಿ ಮೀನು ಅದ್ದಿ ಕರಿ ರತ್ನಿ. ಮೇಲಿಂದು ನಿಂಗೆ, ಒಳಗಿಂದು ನಂಗೆ" ಎಂದ.

ಆ ಮನೆಯಲ್ಲಿ ಅಲ್ಲಿಯತನಕ ಮೀನಿಗೆ ಖಾರ ಸವರಿ ತವದ ಮೇಲೆ ಹುರಿಯುವುದಷ್ಟೇ ಗೊತ್ತಿತ್ತು. "ಮೀನ್ಗೂ ಸೀರೆ ಉಡ್ಸೋ ಸೊಸೆ ಬಂದ್ಲಲ್ಲಪ್ಪ" ಎಂದು ಅತ್ತೆ ಮೂಗು ಮುರಿದಳು, ಮುರಿದರೂ ತಿಂದಳು. ಗಂಡ ಹೆಂಡತಿ ಮಾತ್ರ ಒಂದೇ ತಟ್ಟೆಗೆ ಕೂರುತ್ತಿದ್ದರು. ನಿಂಗರಾಜು ಹೆಬ್ಬೆರಳ ಉಗುರಿನಿಂದ ಹಿಟ್ಟಿನ ಹೊಟ್ಟೆ ಸೀಳಿ, ಒಡೆಯದ ಹಾಗೆ ಎರಡು ಹೋಳಾಗಿ ಬಿಡಿಸಿ, ತನ್ನ ಟಿಫನ್ ಕ್ಯಾರಿಯರಿನ ಮುಚ್ಚಳವನ್ನು ಮಗುಚಿಟ್ಟುಕೊಂಡು ಅದರಲ್ಲಿ ಹೆಂಡತಿಗೆ ಜೋಡಿಸಿ ಕೊಡುತ್ತಿದ್ದ. ಮೀನು ತಿಂದು ಮುಳ್ಳನ್ನು ತಟ್ಟೆಯ ಎಡಗಡೆ ಅಂಚಿಗೆ ಸಾಲಾಗಿ ಇಡುತ್ತಿದ್ದ. ಮೀನಿನ ವಾಸನೆಗೆ ವಾಂತಿ ಮಾಡಿಕೊಂಡಿದ್ದವಳಿಗೆ ಮೀನನ್ನು ಅಪ್ಪಿಕೊಂಡಿದ್ದ ಆ ಗರಿಗರಿ ಹಿಟ್ಟು ಪ್ರಾಣವಾಯಿತು. ಮದುವೆಯಲ್ಲಿ ಹೊಂದಿಕೊಳ್ಳುವುದು ಎಂದು ಹಿರಿಯರು ಗಂಟೆಗಟ್ಟಲೆ ಬುದ್ಧಿ ಹೇಳುತ್ತಾರಲ್ಲ, ಇವರಿಬ್ಬರು ಅದನ್ನು ಬಾಣಲೆಯೊಂದರಲ್ಲಿ ಮುಗಿಸಿಕೊಂಡಿದ್ದರು.

ಉಪ್ಪು ನೋಡುವುದೂ ಅವನದೇ ಕೆಲಸ. ಕಲಸಿಟ್ಟ ಹಿಟ್ಟಿನ ಮೇಲೆ ಹಿಂದಿನಿಂದ ಬಂದು ತೋರುಬೆರಳಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು ನೆಕ್ಕುತ್ತಿದ್ದ, ಅವಳು ಸೌಟಿನಲ್ಲಿ ಅವನ ಕೈಗೊಂದು ಕೊಡುತ್ತಿದ್ದಳು. "ಸರಿಯಾಗದೆ" ಎನ್ನುತ್ತಿದ್ದ ಯಾವಾಗಲೂ. ಉಪ್ಪು ಕಡಿಮೆಯಿದ್ದ ದಿನವೂ ಹಾಗೇ ಎನ್ನುತ್ತಿದ್ದ, ಅಮ್ಮ ಕೇಳಿಸಿಕೊಂಡರೆ ಸೊಸೆಗೆ ಮಂಗಳಾರತಿಯಾಗುತ್ತದೆಂದು. ಊಟಕ್ಕೆ ಕೂತಾಗ ಮಾತ್ರ ಮುಚ್ಚಳದಲ್ಲಿದ್ದ ಅವಳ ಪಾಲಿನ ಮೇಲೆ ನಾಲ್ಕು ಹರಳು ಕಲ್ಲುಪ್ಪನ್ನು ಸದ್ದಿಲ್ಲದೆ ಉದುರಿಸಿ ಕೊಡುತ್ತಿದ್ದ.

ತೊಂಬತ್ತಾರರ ಆಷಾಢದಲ್ಲಿ ಒಂದು ಮಧ್ಯಾಹ್ನ ಅವನು ಎರಡನೇ ಶಿಫ್ಟಿಗೆಂದು ಹೊರಟ. ಕಾರ್ಖಾನೆ ತಲುಪಲಿಲ್ಲ. ಅವನ ಮೊಪೆಡ್ ಊರಾಚೆ ಹೊಳೆಗಿಳಿಯುವ ದಾರಿಯಲ್ಲಿ ಹೊಂಗೆಮರಕ್ಕೆ ಒರಗಿ ನಿಂತಿತ್ತು. ಟಿಫನ್ ಕ್ಯಾರಿಯರು ಹ್ಯಾಂಡಲಿನಲ್ಲೇ ನೇತಾಡುತ್ತಿತ್ತು, ಒಳಗೆ ಚಿತ್ರಾನ್ನ ಹಾಗೆಯೇ ಇತ್ತು. ಮೇಲೆ ಅಣೆಕಟ್ಟಿನ ಬಾಗಿಲು ತೆಗೆದಿದ್ದರು, ಕಪಿಲೆ ಕೆಂಪಗೆ ದಡ ಮುಟ್ಟಿ ಹರಿಯುತ್ತಿದ್ದಳು. ಮುಖ ತೊಳೆಯಲು ಇಳಿದನೋ, ಕಾಲು ಜಾರಿತೋ, ಕಂಡವರಿಲ್ಲ. ತೆಪ್ಪದವರು ನರಸೀಪುರದ ಸಂಗಮದತನಕ ಹುಡುಕಿ, ಕಾವೇರಿಗೆ ಸೇರಿದ ಮೇಲೆ ನಮ್ಮ ಕೈಲಿಲ್ಲ ಎಂದು ಕೈಚೆಲ್ಲಿದರು.

ಚಾಮುಂಡಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಎಣ ಸಿಕ್ತಾ? ಸಿಕ್ನಿಲ್ಲ ತಾನೆ? ಅಂಗಾದ್ರೆ ನನ್ ಮಗ ಬದುಕವ್ನೆ" ಎಂದಳು. ಸೊಸೆಯ ಕುಂಕುಮ ಅಳಿಸಲು ಬಂದ ನೆಂಟರ ಹೆಂಗಸರನ್ನು ಪೊರಕೆ ಹಿಡಿದು ಬೀದಿಗಟ್ಟಿದಳು. ಟಿಫನ್ ಕ್ಯಾರಿಯರನ್ನು ತೊಳೆದು ನಡುಮನೆಯ ಗೂಟಕ್ಕೆ ನೇತುಹಾಕಿ, ಅದನ್ನು ಯಾರೂ ಮುಟ್ಟಕೂಡದೆಂದು ಕಟ್ಟುಮಾಡಿದಳು.

ಕಣ್ಣಿಗೆ ಬಿದ್ದ ಸುದ್ದಿ ಕೊಡುವುದರಲ್ಲಿ ನಮ್ಮ ಜನಕ್ಕೆ ಧಾರಾಳತನ ಹೆಚ್ಚು. ಸೋಮನಾಥಪುರದ ಗುಡಿಯ ಮುಂದೆ ಎಳನೀರು ಕೊಚ್ಚುತ್ತಿದ್ದನಂತೆ ಎಂದರು, ಅತ್ತೆ ಓಡಿದಳು, ಅವನಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಗಡ್ಡ ಬಿಟ್ಟುಕೊಂಡು ಮಲಗಿದ್ದನಂತೆ ಎಂದರು, ಅವನೂ ಅಲ್ಲ. ಹೋಗಿ ಬಂದ ಪ್ರತಿ ಸಲವೂ ಅವಳ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಅಲ್ಲಿಲ್ಲ ಎಂದಮೇಲೆ ಬೇರೆಲ್ಲೋ ಇರಬೇಕಲ್ಲ ಎಂಬುದು ಅವಳ ಲೆಕ್ಕ.

ಕೊನೆಗೆ ಹುಡುಕುವುದನ್ನು ಬಿಟ್ಟು ಕರೆಯಲು ಶುರುಮಾಡಿದಳು. ಭಾನುವಾರ ಭಾನುವಾರ ಸೊಸೆ ಹಿಟ್ಟಿನಲ್ಲಿ ಅದ್ದಿದ ಮೀನು ಕರಿಯಬೇಕು, ಅಡಿಗೆಮನೆಯ ಕಿಟಕಿ ತೆರೆದಿರಬೇಕು. "ವಾಸ್ನೆ ಇಡ್ಕೊಂಡು ಬತ್ತಾನೆ ಕಣೆ. ಅವ್ನ ಮೂಗು ನಂಗೊತ್ತಿಲ್ವಾ?" ಎಂದು ಜಗಲಿಯ ಮೇಲೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಾರಿ ಕಾಯುತ್ತಿದ್ದಳು. ಮೀನು ಮಾರಲು ಸೈಕಲ್ಲಿನಲ್ಲಿ ಬರುವ ಕಲ್ಲಯ್ಯನಿಗೆ ಒಂದೇ ಮಾತು, ಕೆರೆಯ ಮೀನು ತಾ, ಹೊಳೆಯದು ಬೇಡ. ಯಾಕೆ ಬೇಡ ಎಂದು ಕಲ್ಲಯ್ಯ ಕೇಳಲಿಲ್ಲ. ಆ ಹೊಳೆಯ ಮೀನು ಏನು ತಿಂದು ಕೊಬ್ಬಿದೆಯೋ ಎಂಬ ಮಾತು ಮೂವರ ಮನಸ್ಸಿನಲ್ಲೂ ಇತ್ತು, ಯಾರ ಬಾಯಿಗೂ ಬರಲಿಲ್ಲ.

ಹೀಗೆ ಮೀನು ಕರಿಯುತ್ತ ಒಂದು ವರ್ಷ ಕಳೆದ ಮೇಲೆ, ಒಂದು ಭಾನುವಾರ, ಆ ಗೆರೆ ಬಿತ್ತು. ನಾಗರತ್ನ ಹಿಟ್ಟು ಕಲಸಿಟ್ಟು ಮೀನು ತೊಳೆಯಲು ಹಿತ್ತಲಿಗೆ ಹೋಗಿದ್ದಳು. ಬಂದು ನೋಡಿದರೆ ಪಾತ್ರೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಬೆರಳಗಲದ ಗೆರೆ. ಬೆಕ್ಕಿನ ಕೆಲಸವೆಂದು ಬೈದುಕೊಂಡು ಸೌಟು ಎತ್ತಿಕೊಂಡವಳು ಹಾಗೇ ನಿಂತಳು. ಹಿಟ್ಟು ಸರಿಯಾದ ಹದದಲ್ಲಿತ್ತು, ಪಾತ್ರೆ ಓಲಿಸಿದರೆ ಓಲುತ್ತಿತ್ತು, ಗೆರೆಯ ಎರಡು ದಡ ಮಾತ್ರ ಕೂಡಿಕೊಳ್ಳುತ್ತಿರಲಿಲ್ಲ. ಗೆರೆಯ ತುದಿಯಲ್ಲಿ ಬೆರಳು ಮೇಲೆತ್ತಿದಲ್ಲಿ ಒಂದು ಪುಟ್ಟ ಕೊಂಡಿಯಿತ್ತು, ನಿಂಗರಾಜು ಸೌಟಿನ ಏಟಿಗೆ ಹೆದರಿ ಬೆರಳನ್ನು ಸರಕ್ಕನೆ ಎಳೆದುಕೊಳ್ಳುವಾಗ ಆಗುತ್ತಿದ್ದ ಕೊಂಡಿ.

ಮುಂದಿನ ವಾರ ಪಾತ್ರೆಗೆ ತಟ್ಟೆ ಮುಚ್ಚಿ ಮೇಲೆ ಗುಂಡುಕಲ್ಲು ಹೇರಿಟ್ಟಳು. ಕಲ್ಲು ಹೇರಿದ ಹಾಗೇ ಇತ್ತು, ಒಳಗೆ ಗೆರೆ ಬಿದ್ದಿತ್ತು. ಅದರ ಮುಂದಿನ ವಾರ ಅತ್ತೆಯೇ ನೋಡಿಬಿಟ್ಟಳು.

"ಉಪ್ಪು ನೋಡವ್ನೆ ಕಣೆ!" ಎಂದು ಕೂಗಿ, ಸೊಸೆಯ ಕೆನ್ನೆಗಳನ್ನು ಹಿಡಿದು ನೆಟಿಗೆ ಮುರಿದಳು. "ಅವ್ನ ಮನಸ್ಸು ಇತ್ಲಾಗೇ ಅದೆ. ಇನ್ನೇನು ಬಂದ, ಎಚ್ಚು ದಿನ ಇಲ್ಲ!"

ಅಂದಿನಿಂದ ಅತ್ತೆಗೆ ಭಾನುವಾರ ಹಬ್ಬವಾಯಿತು. ಹಿಟ್ಟು ಕಲಸುವ ಹೊತ್ತಿಗೆ ಜಗಲಿಯಿಂದಲೇ ಕೂಗುವಳು, "ಬಿದ್ದದೇನೆ ಗೆರೆ?" ಇವಳು "ಬಿದ್ದದೆ ಅತ್ತೆ" ಎಂದರೆ ಎದ್ದು ಬಂದು ಕಣ್ತುಂಬ ನೋಡಿ ಹೋಗುವಳು. ಆ ಒಂದು ವಾರಕ್ಕೆ ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ಅದೇ ಗೆರೆ ನಾಗರತ್ನಳಿಗೆ ಬೇರೆಯೇ ಹೇಳುತ್ತಿತ್ತು. ಬದುಕಿದ್ದವನು ಬರುವುದಾದರೆ ಬಾಗಿಲಿನಿಂದ ಬರುತ್ತಾನೆ, ಚಪ್ಪಲಿ ಬಿಡುತ್ತಾನೆ, ನೀರು ಕೇಳುತ್ತಾನೆ. ಮುಚ್ಚಿದ ತಟ್ಟೆಯ ಒಳಗೆ ಬೆರಳಿಡುವವನು ಬದುಕಿದವನಲ್ಲ. ಅಷ್ಟು ಗೊತ್ತಿದ್ದೂ ಅತ್ತೆಗೆ ಹೇಳಲಿಲ್ಲ, ಏಕೆಂದರೆ ಗೊತ್ತಿರುವುದು ನಿಜವೋ ಭ್ರಮೆಯೋ ಅವಳಿಗೇ ಖಾತರಿಯಿರಲಿಲ್ಲ. ಕುಂಕುಮವನ್ನು ಕನ್ನಡಿ ನೋಡದೆಯೇ ಇಟ್ಟುಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಇನ್ನೊಂದು ಯೋಚನೆ. ಸತ್ತವರ ಹೊಟ್ಟೆ ಸೇರುವುದು ಎಡೆ ಇಟ್ಟದ್ದು ಮಾತ್ರ. ಇವನಿಗೆ ಎಡೆಯೇ ಇಟ್ಟಿಲ್ಲ. ಹಾಗಾದರೆ ಹಸಿದುಕೊಂಡು ಬರುತ್ತಿದ್ದಾನೆ, ಹಸಿ ಹಿಟ್ಟಿಗೆ ಬೆರಳಿಟ್ಟು ನೆಕ್ಕಿ, ಕರಿದ ಮೀನನ್ನು ನೋಡಿಕೊಂಡು ಬರಿ ಹೊಟ್ಟೆಯಲ್ಲಿ ಹೋಗುತ್ತಿದ್ದಾನೆ. ಗಂಡನಿಗೆ ಒಂದು ತುತ್ತು ಬಡಿಸಲಾಗದ ಹೆಂಡತಿಯ ಸಂಕಟ ಅನುಭವಿಸಿದವರಿಗೇ ಗೊತ್ತು.

ಹಾಗೆಂದು ಎಡೆ ಇಟ್ಟುಬಿಡುವುದೂ ಸಸಾರವಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಇಟ್ಟವರೇ ಕೊಂದ ಹಾಗೆ ಎಂದು ಆ ಕಡೆ ಎಲ್ಲರೂ ನಂಬುತ್ತಾರೆ. ನಾಗರತ್ನಳೂ ನಂಬಿದ್ದಳು.

ಅವನು ಹೋದ ಮೇಲಿನ ಮೂರನೆಯ ಮಾರ್ನಮಿ ಬಂತು. ಮಾರ್ನಮಿ ಅಮಾವಾಸ್ಯೆಗೆ ಅಲ್ಲಿ ಮನೆಮನೆಯಲ್ಲೂ ತೀರಿಕೊಂಡ ಹಿರಿಯರಿಗೆ ಎಡೆ. ಅವರು ಬದುಕಿದ್ದಾಗ ಬಾಯಿ ಚಪ್ಪರಿಸಿ ತಿನ್ನುತ್ತಿದ್ದುದನ್ನೆಲ್ಲ ಮಾಡಿ, ನಡುಮನೆಯಲ್ಲಿ ಬಾಳೆಲೆಗೆ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಇಣುಕುವಂತಿಲ್ಲ. ಅಡಿಗೆ ಮಾಡುವವರು ಎಡೆಗೆ ಮುಂಚೆ ರುಚಿ ನೋಡುವಂತಿಲ್ಲ, ನಾಲಗೆಗೆ ತಾಗಿಸಿದರೆ ಎಂಜಲಾಗುತ್ತದೆ. ನಾಗಯ್ಯನ ಎಡೆಗೆ ಮಟನ್ ಸಾರು, ಮುದ್ದೆ, ತವದ ಮೇಲೆ ಹುರಿದ ಮೀನು, ಒಂದು ಕಟ್ಟು ಬೀಡಿ. ಅತ್ತೆ ಪ್ರತಿ ವರ್ಷ ಪಟದ ಮುಂದೆ ಒಂದೇ ಮಾತು ಹೇಳುತ್ತಿದ್ದಳು, ಬರೋ ವರ್ಷ ನಿನ್ ಮಗನೇ ಬಂದು ಇಟ್ಟಾನು.

ಅಂದು ಬೆಳಿಗ್ಗೆ ಕಲ್ಲಯ್ಯ ಬುಟ್ಟಿ ಇಳಿಸಿ ತಲೆ ಕೆರೆದುಕೊಂಡ. "ಕೆರೆಗೆ ಬಲೆ ಬಿಟ್ಟಿಲ್ಲ ಕಣವ್ವ. ಇವತ್ತು ಒಳೇದೇ ಇರೋದು. ಬ್ಯಾಡ ಅಂದ್ರೆ ಓಯ್ತೀನಿ."

ನಾಗರತ್ನ ಬುಟ್ಟಿಯೊಳಗೆ ನೋಡಿದಳು. ಜಿಲೇಬಿ ಮೀನುಗಳು, ಬಾಯಿ ತೆರೆದುಕೊಂಡು ಮಲಗಿದ್ದವು. ಅತ್ತೆ ಬಚ್ಚಲಿನಲ್ಲಿದ್ದಳು. "ಕೊಡಿ" ಎಂದಳು. ಆ ಮಾತು ಬಾಯಿಂದ ಬಿದ್ದಾಗಲೇ ತಾನು ಏನು ಮಾಡಲಿದ್ದೇನೆಂದು ಅವಳಿಗೆ ತಿಳಿದದ್ದು.

ಅತ್ತೆ ಬಾಳೆಲೆ ಕುಯ್ಯಲು ಹಿತ್ತಲಿಗೆ ಹೋದ ಹೊತ್ತು ನೋಡಿ ಕಡಲೆಹಿಟ್ಟಿನ ಡಬ್ಬಿ ಇಳಿಸಿದಳು. ಮೀನನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣ ಅಕ್ಕಿಹಿಟ್ಟು ಸವರಿದಳು, ಹಾಗೆ ಮಾಡದಿದ್ದರೆ ಹಿಟ್ಟು ಮೀನಿಗೆ ಹಿಡಿಯದೆ ಎಣ್ಣೆಯಲ್ಲಿ ಕಳಚಿಕೊಳ್ಳುತ್ತದೆ. ಕೈ ತಾನಾಗಿ ಕಲಸುತ್ತಿತ್ತು, ಮನಸ್ಸು ಎಲ್ಲೋ ಇತ್ತು. ಆ ದಿನ ಗೆರೆ ಬೀಳಲಿಲ್ಲ, ಬೀಳಲು ಅವಳು ಪಾತ್ರೆ ಬಿಟ್ಟು ಅಲ್ಲಾಡಲೂ ಇಲ್ಲ. ಮೀನು ಎಣ್ಣೆಗಿಳಿದು ಚುರ್ರೆಂದಾಗ ಅವಳಿಗೆ ಅಳು ಬಂತು, ಕೆಮ್ಮಿದ ಹಾಗೆ ಮಾಡಿ ನುಂಗಿಕೊಂಡಳು. ಒಂದಷ್ಟನ್ನು ಬಾಳೆಲೆಯ ಚೂರಿಗೆ ಹಾಕಿ, ಪಕ್ಕದಲ್ಲಿ ಅನ್ನ, ತುದಿಗೆ ಎಲ್ಲರ ಎಲೆಗೂ ಹಾಕುವಂತೆ ಚಿಟಿಕೆ ಕಲ್ಲುಪ್ಪು ಹಾಕಿ, ಧೂಪದ ಹೊಗೆ ತುಂಬಿಕೊಂಡಾಗ ಮಾವನ ಎಡೆಯ ಹಿಂದೆ ಕತ್ತಲ ಮೂಲೆಯಲ್ಲಿ ಇಟ್ಟಳು. ಮಿಕ್ಕ ಮೀನು ಅಡಿಗೆಮನೆಯಲ್ಲಿ ಪಾತ್ರೆ ಮುಚ್ಚಿಕೊಂಡು ಕೂತಿತು. ಹಿತ್ತಲ ಬಾಗಿಲ ಅಗಳಿ ಹಾಕಿ, ಬೆಕ್ಕು ನುಗ್ಗುವ ಕಿಂಡಿಗೆ ಗೋಣಿ ತುರುಕಿ, ಅತ್ತೆ ಸೊಸೆ ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ, ಎಲ್ಲರ ಮನೆಯ ಬಾಗಿಲೂ ಮುಚ್ಚಿತ್ತು, ಎಲ್ಲರೂ ಅವರವರ ಜಗಲಿಯ ಮೇಲೆ ಮಾತಿಲ್ಲದೆ ಕೂತಿದ್ದರು. ಅಂಥ ಹೊತ್ತಿನಲ್ಲಿ ನಾಗರತ್ನಳಿಗೆ ಥಟ್ಟನೆ ನೆನಪಾಯಿತು. ಹಿಟ್ಟು ಕಲಸುವಾಗ ಉಪ್ಪಿನ ಜಾಡಿ ಶೆಲ್ಫಿನಲ್ಲೇ ಇತ್ತು. ಎಲೆಯ ತುದಿಗೆ ಹಾಕಲೆಂದು ಆಮೇಲೆ ಇಳಿಸಿದ್ದು. ಹಿಟ್ಟಿಗೆ ಉಪ್ಪೇ ಹಾಕಿರಲಿಲ್ಲ. ರುಚಿ ನೋಡಿದ್ದರೆ ಗೊತ್ತಾಗುತ್ತಿತ್ತು, ನೋಡುವಂತಿರಲಿಲ್ಲ.

ಅವಳು ಕೈ ಹಿಸುಕಿಕೊಳ್ಳುತ್ತಿರುವಾಗ ಅತ್ತೆ ಗಾಳಿ ಮೂಸಿದಳು. ಮತ್ತೊಮ್ಮೆ ಮೂಸಿದಳು.

"ನಿಮ್ಮಾವ ತಿಂತಿದ್ದುದ್ದು ತವದ ಮೀನು" ಎಂದಳು ನಿಧಾನವಾಗಿ. "ಇದು ಕಡ್ಲೆಇಟ್ಟಿನ ವಾಸ್ನೆ. ಯಾರಿಗೆ ಇಟ್ಟಿದ್ದೀಯೆ?"

ನಾಗರತ್ನ ನೆಲ ನೋಡಿದಳು.

"ಬದುಕಿರೋ ನನ್ ಮಗುಂಗೆ ಎಡೆ ಇಟ್ಬುಟ್ಯಾ?"

ಕೂಗಿದ್ದರೆ, ಜುಟ್ಟು ಹಿಡಿದು ಎಳೆದಿದ್ದರೆ ವಾಸಿಯಿತ್ತು. ಅತ್ತೆಯ ದನಿ ಮಗುವಿನ ದನಿಯಾಗಿತ್ತು.

"ಹಸ್ಕೊಂಡವ್ರೆ ಅತ್ತೆ" ಎಂದಳು ನಾಗರತ್ನ. "ವಾರ ವಾರ ಬಂದು ಹಸಿ ಹಿಟ್ಟು ನೆಕ್ಕೊಂಡು ಹೋಗ್ತಾವ್ರೆ. ನನ್ ಕೈಲಿ ನೋಡಕ್ಕಾಗ್ಲಿಲ್ಲ."

ಆಗಲೇ ಒಳಗೆ ಸದ್ದಾಯಿತು. ಗರಿಗರಿಯಾದದ್ದನ್ನು ಒಡೆಯದ ಹಾಗೆ ಹುಷಾರಾಗಿ ಬಿಡಿಸುವ ಸದ್ದು. ಸ್ವಲ್ಪ ಬಿಟ್ಟು ಗೂಟದ ಮೇಲಿನ ತಗಡು ಮೆಲ್ಲಗೆ ಟಣ್ ಎಂದಿತು. ವಯಸ್ಸಿಗೆ ಕಿವಿ ತುಸು ಮಂದವಾಗಿದ್ದ ಚಾಮುಂಡಮ್ಮನಿಗೆ ಅಷ್ಟು ಸಣ್ಣ ಸದ್ದು ಕೇಳಿಸಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ನಾಗರತ್ನಳಿಗೆ ಎರಡೂ ಕೇಳಿಸಿದವು. ಓಡಿ ಒಳಗೆ ಹೋಗಬೇಕೆನಿಸಿತು, ಬೀದಿಗೆ ಓಡಬೇಕೆಂದೂ ಅನಿಸಿತು. ಎರಡೂ ಮಾಡದೆ ಕೂತೇ ಇದ್ದಳು, ಸದ್ದು ನಿಲ್ಲುವತನಕ.

"ಈಗೇನು" ಎಂದಳು ಅತ್ತೆ ಕೊನೆಗೆ. "ಎಡೆ ಮುಟ್ಟಿದ್ರೆ ನನ್ ಮಗ ಸತ್ತವ್ನೆ. ಮುಟ್ಟಿಲ್ದಿದ್ರೆ ಬದುಕವ್ನೆ. ಅಷ್ಟೆ ತಾನೆ? ಓಗು, ಇಟ್ಟೋಳು ನೀನೇ ನೋಡು. ನಂಗೆ ಕಾಲು ಬರಾಕಿಲ್ಲ."

ನಾಗರತ್ನ ಎದ್ದು ಬಾಗಿಲು ತಟ್ಟಿ, ಪದ್ಧತಿಯಂತೆ ಕೆಮ್ಮಿ, ಒಳಗೆ ಹೋಗಿ ಬಾಗಿಲನ್ನು ಹಿಂದೆ ಮುಚ್ಚಿಕೊಂಡಳು. ಮಾವನ ಎಡೆ ಇಟ್ಟ ಹಾಗೇ ಇತ್ತು. ಮುದ್ದೆ ದುಂಡಗಿತ್ತು, ಬೀಡಿ ಕಟ್ಟು ಬಿಚ್ಚಿರಲಿಲ್ಲ. ಧೂಪದ ಹೊಗೆ ಸರಿದ ಮೇಲೆ ಹಿಂದಿನ ಮೂಲೆ ಕಂಡಿತು.

ಎಲೆಯ ಮೇಲೆ ಮೀನಿರಲಿಲ್ಲ. ಎಡಗಡೆ ಅಂಚಿಗೆ ಮುಳ್ಳುಗಳು ಸಾಲಾಗಿದ್ದವು. ಬಲಗಡೆ ಟಿಫನ್ ಕ್ಯಾರಿಯರಿನ ಮುಚ್ಚಳ ಮಗುಚಿಕೊಂಡು ಕೂತಿತ್ತು. ಅದರ ತುಂಬ, ಒಂದೂ ಒಡೆಯದೆ, ಮೀನಿನ ಆಕಾರದ ಹಿಟ್ಟಿನ ಹೋಳುಗಳು. ಒಳಗೆ ಮೀನಿನ ಬೆನ್ನ ಗುರುತು, ಹೊಟ್ಟೆಯ ಗುರುತು, ಬಾಲದ ಗುರುತು. ಎಲೆಯ ತುದಿಯ ಉಪ್ಪಿನಲ್ಲಿ ಎರಡು ಬೆರಳು ಚಿವುಟಿ ತೆಗೆದ ಗುಳಿಯಿತ್ತು. ಹಿಟ್ಟಿನ ಹೋಳುಗಳ ಮೇಲೆ ಕಲ್ಲುಪ್ಪಿನ ಹರಳುಗಳು ಉದುರಿದ್ದವು.

ನಾಗರತ್ನ ಎಲೆಯ ಮುಂದೆ ಕೂತಳು. ಅವನು ಸತ್ತಿದ್ದ. ಇನ್ನು ಅದರಲ್ಲಿ ಅನುಮಾನವಿರಲಿಲ್ಲ. ಸತ್ತು, ಹೊಳೆಯ ಪಾಲಾಗಿ, ಎರಡು ವರ್ಷದ ಹಸಿವಿನಲ್ಲಿ ಬಂದು ಕೂತವನು, ಉಪ್ಪಿಲ್ಲದ ಹಿಟ್ಟು ಕಂಡು ಒಂದು ಮಾತೂ ಆಡದೆ ಅವಳ ಪಾಲಿಗೆ ಉಪ್ಪು ಉದುರಿಸಿ ಇಟ್ಟುಹೋಗಿದ್ದ. ಎಡೆ ಎಂದು ತಾನು ಅವನಿಗೆ ಬಡಿಸಿದರೆ, ಅವನು ಅದನ್ನೂ ಇಬ್ಬರ ತಟ್ಟೆ ಮಾಡಿಬಿಟ್ಟಿದ್ದ. ಅವಳು ಒಂದು ಹೋಳು ಬಾಯಿಗಿಟ್ಟಳು. ಇನ್ನೂ ಗರಿಗರಿಯಾಗಿತ್ತು. ಹಿಟ್ಟು ಸಪ್ಪೆ, ನಡುನಡುವೆ ಉಪ್ಪಿನ ಹರಳು ಹಲ್ಲಿಗೆ ಸಿಕ್ಕಿ ಕರಗುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಿಕ್ಕುತ್ತ, ಒಂದು ಚೂರೂ ಬಿಡದೆ ತಿಂದಳು.

"ಏನಾಯ್ತೇ?" ಹೊರಗಿನಿಂದ ದನಿ ಬಂತು. "ಏಳೇ! ಮುಟ್ಟವ್ನಾ?"

ನಾಗರತ್ನ ಕಣ್ಣೊರೆಸಿಕೊಂಡಳು. ಪೊರಕೆ ಹಿಡಿದು ನೆಂಟರನ್ನು ಅಟ್ಟಿದ ಆ ಮುದುಕಿ, ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವನ ಮುಖದಿಂದ ಗಡ್ಡ ಸರಿಸಿ ನೋಡಿ ಬಂದ ಮುದುಕಿ, ಈಗ ಬಾಗಿಲಾಚೆ ಒಂದು ಮಾತಿಗೆ ಕಾದು ಕೂತಿದ್ದಳು. ನಾಗರತ್ನ ಮುಳ್ಳುಗಳನ್ನು ಬಾಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಚ್ಚಳ ಒರೆಸಿ ಗೂಟದ ಮೇಲಿನ ಕ್ಯಾರಿಯರಿಗೆ ಹಾಕಿದಳು. ಅಡಿಗೆಮನೆಯ ಪಾತ್ರೆಯಿಂದ ಮಿಕ್ಕ ಮೀನು ತಂದು ಎಲೆಯ ಮೇಲೆ ಜೋಡಿಸಿ, ಉಪ್ಪಿನ ಗುಳಿಯನ್ನು ಬೆರಳಿನಲ್ಲಿ ಸಮಮಾಡಿದಳು.

"ಬನ್ನಿ ಅತ್ತೆ" ಎಂದು ಕೂಗಿದಳು. "ಯಾರೂ ಮುಟ್ಟಿಲ್ಲ."

ಚಾಮುಂಡಮ್ಮ ಗೋಡೆ ಹಿಡಿದುಕೊಂಡು ಬಂದಳು. ಎಲೆಯ ಮುಂದೆ ಬಗ್ಗಿ, ಒಂದೊಂದೇ ಮೀನನ್ನು ಮುಟ್ಟಿ ನೋಡಿದಳು. ಆಮೇಲೆ ನೆಲಕ್ಕೆ ಕೂತು, ಮಗ ಹೋದ ದಿನದಿಂದ ತಡೆದುಕೊಂಡಿದ್ದ ಅಳುವನ್ನೆಲ್ಲ ಅತ್ತಳು, ಸಂತೋಷಕ್ಕೆ. ಅತ್ತು ಮುಗಿಸಿ, ಹಸಿದವಳ ಹಾಗೆ ಒಂದು ಮೀನು ಮುರಿದು ಬಾಯಿಗಿಟ್ಟುಕೊಂಡು ಮುಖ ಕಿವುಚಿದಳು.

"ಉಪ್ಪೇ ಇಲ್ವಲ್ಲೇ ಇದ್ರಲ್ಲಿ!" ಎಂದು ನಗತೊಡಗಿದಳು.

ಮಾರನೆಯ ದಿನ ನಾಗರತ್ನ ಸಂತೆಗೆಂದು ಹೇಳಿ ನರಸೀಪುರಕ್ಕೆ ಹೋದಳು. ಸಂಗಮದಲ್ಲಿ ಜನ ತಮ್ಮ ತಮ್ಮವರ ಅಸ್ಥಿ ಬಿಡುವ ಕಡೆಗೆ ಮೊಣಕಾಲು ನೀರಿಗಿಳಿದು, ಸೆರಗಿನ ಗಂಟು ಬಿಚ್ಚಿದಳು. ಮುಳ್ಳುಗಳು ಬೆಳ್ಳಗೆ ತೇಲಿ, ಎರಡು ಹೊಳೆ ಕೂಡುವಲ್ಲಿ ಒಂದು ಸುತ್ತು ತಿರುಗಿ ಮುಳುಗಿದವು. ಪಕ್ಕದಲ್ಲಿ ಮಡಕೆ ಹಿಡಿದು ನಿಂತಿದ್ದ ಸಂಸಾರವೊಂದು ಈ ಹೆಂಗಸಿಗೆ ಹುಚ್ಚೋ ಏನೋ ಎಂದು ನೋಡಿತು. ಅವಳು ಮೂರು ಸಲ ಮುಳುಗಿ ಎದ್ದಳು. ದಡಕ್ಕೆ ಬಂದು, ಕುಂಕುಮ ಅಳಿಸಿಹೋಗಿದ್ದರಿಂದ ಅಂಗಡಿಯಲ್ಲಿ ಹೊಸದು ಕೊಂಡು ಇಟ್ಟುಕೊಂಡು ಬಸ್ಸು ಹತ್ತಿದಳು. ಅದು ಇನ್ನು ಅತ್ತೆಯ ಕುಂಕುಮ, ಹಣೆ ಮಾತ್ರ ಇವಳದು.

ಭಾನುವಾರ ಬಂತು. ಕಲ್ಲಯ್ಯ ಕೆರೆಯ ಮೀನು ಕೊಟ್ಟುಹೋದ. ನಾಗರತ್ನ ಹಿಟ್ಟು ಕಲಸಿ, ಉಪ್ಪನ್ನು ಮರೆಯದೆ ಹಾಕಿ, ಪಾತ್ರೆಯನ್ನು ಒಲೆಯ ಪಕ್ಕದಲ್ಲಿಟ್ಟು, ಹಿತ್ತಲಿಗೆ ಹೋಗಿ ಬೇಕೆಂದೇ ತಡಮಾಡಿ ಬಂದಳು. ಹಿಟ್ಟು ಕಲಸಿಟ್ಟ ಹಾಗೆ ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ. ಒಂದು ವರ್ಷ ಆ ಗೆರೆಗೆ ಹೆದರಿ ಬದುಕಿದವಳಿಗೆ, ಅದಿಲ್ಲದ ಹಿಟ್ಟನ್ನು ನೋಡಲಾಗಲಿಲ್ಲ. ಅವನ ಹೊಟ್ಟೆ ತುಂಬಿತ್ತು, ಅವನು ಹೋಗಿದ್ದ.

"ಬಿದ್ದದೇನೆ ಗೆರೆ?" ಜಗಲಿಯಿಂದ ಅತ್ತೆ ಕೂಗಿದಳು.

ನಾಗರತ್ನ ತೋರುಬೆರಳನ್ನು ಹಿಟ್ಟಿನಲ್ಲಿಟ್ಟು, ಈ ಅಂಚಿನಿಂದ ಆ ಅಂಚಿಗೆ ಎಳೆದು, ತುದಿಯಲ್ಲಿ ಸರಕ್ಕನೆ ಎತ್ತಿದಳು.

"ಬಿದ್ದದೆ ಅತ್ತೆ."

ಅತ್ತೆ ಎದ್ದ ಸದ್ದು, ನಡುಮನೆಯಲ್ಲಿ ಬರಿಗಾಲು ಎಳೆಯುವ ಸದ್ದು ಕೇಳಿಸಿತು. ಅಷ್ಟರಲ್ಲಿ ಹಿಟ್ಟು ಎರಡು ಕಡೆಯಿಂದಲೂ ಸರಿದು ಬಂದು, ಹದವಾಗಿ ಕಲಸಿದ ಹಿಟ್ಟು ಮಾಡಬೇಕಾದಂತೆ, ಗೆರೆಯನ್ನು ಮುಚ್ಚಿಕೊಂಡಿತು. ನಾಗರತ್ನ ಅದನ್ನು ಮತ್ತೆ ಎಳೆದಳು.